ಕ್ಯಾರವಾನ್ ಎಳೆಯುವ ಕಾರು

ಮಾರ್ಚ್ ೧೪, ಶನಿವಾರ

ಇವತ್ತೂ ಕಾರು ಸಿಗಲಿಲ್ಲ. ನಮ್ಮ ಪುಟ್ಟ ಕಾರಿಗೆ ಚಕ್ರದ ಮೇಲಿನ ಮನೆಯಂಥ ಕ್ಯಾರವಾನ್ ಕಟ್ಟಿದರೆ ಇಳಿಜಾರಿನಲ್ಲಿ ಅದೇ ಕಾರನ್ನು ತಳ್ಳಿಕೊಂಡು ಹೋಗುತ್ತದೆ ಎಂದು ಕಾರ್ಮಾರ್ಥನ್ ಪೇಟೆಯ ಅಂಗಡಿಯವನು ಎಚ್ಚರಿಸಿದ. ಕ್ಯಾರವಾನಿಗಿಂತ ಭಾರವಾದ, ಎತ್ತರದ ಡೀಸೆಲ್ ಗಾಡಿಯೊಂದನ್ನು ತೋರಿಸಿದ. ಗಾಡಿ ಚೆನ್ನಾಗಿತ್ತು. ಆದರೆ ನನ್ನ ಹೆಂಡತಿ ಗ್ಲೆನಿಸ್‌ಗೆ ಹತ್ತಲಾಗಲಿಲ್ಲ. ಸೊಂಟ ಹಿಡಿದು ಎತ್ತಿದೆ. ಈ ನರದ ಕಾಯಿಲೆ ಬಂದಮೇಲೆ ಅವಳ ಕಾಲು ಅವಳ ಮಾತು ಕೇಳುವುದಿಲ್ಲ.

“ಬಿಡೋ ಎಮ್ರಿಸ್, ನಾನೇನು ಆಲೂಗಡ್ಡೆ ಮೂಟೇನಾ?” ಎಂದು ನಕ್ಕಳು. ಅಂಗಡಿಯವನು ಬೇರೆ ಕಡೆ ನೋಡಿದ.

ಅವಳು ಸಲೀಸಾಗಿ ಕೂರಬಲ್ಲ ತಗ್ಗಿನ ಕಾರುಗಳಿದ್ದವು. ಅವುಗಳಲ್ಲಿ ಒಂದಕ್ಕೂ ಕ್ಯಾರವಾನ್ ಎಳೆಯುವ ಶಕ್ತಿಯಿಲ್ಲ.

ಮನೆಗೆ ಬಂದವಳೇ ಕ್ಯಾರವಾನಿನ ಬಾಗಿಲು ತೆಗೆಸಿದಳು. ಅದರ ಒಂದೇ ಒಂದು ಮೆಟ್ಟಿಲನ್ನೂ ಹತ್ತಲಾಗಲಿಲ್ಲ. ಇಬ್ಬರೂ ಹೊರಗೇ ನಿಂತು ಒಳಗಿನ ಹಾಸಿಗೆಯನ್ನೂ ಒಲೆಯನ್ನೂ ನೋಡಿದೆವು.

“ಈ ಸಲ ಟೆನ್‌ಬಿಗೆ ನೀನೊಬ್ನೇ ಹೋಗ್ಬಾ. ಸಮುದ್ರ ಹೇಗಿತ್ತು ಅಂತ ಬಂದು ಹೇಳು,” ಎಂದಳು.

ಹೂಂ ಅಂದೆ. ಆದರೆ ಅವಳಿಲ್ಲದೆ ನಾನೊಬ್ಬನೇ ಹೋಗುವುದಿಲ್ಲ.

ಸೋಮವಾರ ಕ್ಯಾರವಾನಿಗೆ ‘ಮಾರಾಟಕ್ಕಿದೆ’ ಅಂತ ಬೋರ್ಡು ಹಾಕಬೇಕು. ಅವಳು ಕೂರುವ ಕಿಟಕಿಗೆ ಕಾಣದ ಬದಿಯಲ್ಲಿ ಹಾಕಬೇಕು. ಕಾಣದಿದ್ದರೂ ಅವಳಿಗೆ ಗೊತ್ತಾಗುತ್ತದೆ.