ಕಸದ ಕ್ಯಾಲೆಂಡರ್ ಹಿಂದಿದ್ದ ಕಾಗದ

ಗಗನ್,

ಆರರ ಟ್ರೈನಿಗೆ ಹೊರಟೆ. ಸಾರು ಫ್ರಿಜ್ಜಲ್ಲಿದೆ, ಅನ್ನ ನೀನೇ ಮಾಡ್ಕೋ. ಕ್ಯಾಲೆಂಡರ್ ಪ್ರಕಾರ ಇವತ್ತು ಪ್ಲಾಸ್ಟಿಕ್ ಕಸ, ಎಂಟರೊಳಗೆ ಕೆಳಗಿಡು.

ಕಸದ ಕ್ಯಾಲೆಂಡರ್ ಹಿಂದೆ ನೀನು ಜಾಹೀರಾತು ಅಂತ ಸಿಕ್ಕಿಸಿಟ್ಟಿದ್ದ ಜಪಾನಿ ಕಾಗದಾನ ನಿನ್ನೆ ಪಕ್ಕದ ಮನೆ ಮೋರಿ ಸಾನ್ ಓದಿ ಹೇಳಿದ್ರು. ಅದು ಇಲ್ಲೇ ಜಪಾನಲ್ಲಿ ಅಜ್ಜಿ ಹುಟ್ಟಿದ ಊರಿನ ಬೌದ್ಧ ದೇವಸ್ಥಾನದ್ದು. ಮನೆಯವರು ವರ್ಷದೊಳಗೆ ಬರದಿದ್ರೆ ಅವಳ ಅಪ್ಪ ಅಮ್ಮನ ಸಮಾಧಿ ತೆಗೀತೀವಿ ಅಂತಿದೆ. ಗಡುವು ಮಾರ್ಚಿಗೇ ಮುಗಿದಿದೆ. ಫೋನ್ ಮಾಡಿದೆ, ಕಲ್ಲು ತೆಗೆದು ನೆಲ ಸಮ ಮಾಡಿದಾರಂತೆ. ನಿನ್ನನ್ನ ಬಯ್ಯಲ್ಲ, ಸಿಕ್ಕಿಸೋಕೆ ಪಿನ್ ಕೊಟ್ಟವಳು ನಾನೇ.

ಆದ್ರೂ ಹೋಗ್ತಿದೀನಿ. ಅಜ್ಜಿ ಶಾಲೆಗೆ ನಡೀತಿದ್ದ ಹುಲ್ಲುಬಯಲಿನ ದಾರಿ ಉಳಿದಿದೆಯಂತೆ, ಅದನ್ನಾದ್ರೂ ನಡೆದು ಬರ್ತೀನಿ.

ಮೈಸೂರಿಂದ ಅಪ್ಪ ಫೋನ್ ಮಾಡಿದ್ರೆ ಏನೂ ಹೇಳ್ಬೇಡ. ಅಜ್ಜಿಯ ಅಸ್ಥಿ ಕುಡಿಕೆ ಸೂಟ್‌ಕೇಸಲ್ಲಿಟ್ಟು, ಅವಳನ್ನ ಅವಳಮ್ಮನ ಪಕ್ಕ ಮಲಗಿಸೋಕೆ ವೀಸಾ ಕಾಯ್ತಾ ಕೂತಿದಾರೆ.

ಅಕ್ಕ