ಎಡಗಿವಿಯ ಸೀಳು

ಪ್ರೀತಿಯ ಕಾಳಕ್ಕತ್ತೆ,

ಚಿಕ್ಕಜಾಜೂರಿನ ಈ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಗಾಡಿ ಬಂದಾಗಲೆಲ್ಲ ನಮ್ಮ ಹೊಸ ಪಾತ್ರೆಗಳು ಗಲಗಲ ಅನ್ನುತ್ತವೆ, ನಾನೂ ಯೋಗೇಶನೂ ನಗುತ್ತೇವೆ. ಅವನು ಎಷ್ಟು ಒಳ್ಳೆಯ ಗಂಡ ಎಂದು ಬರೆಯಲು ಕೂತರೆ ಕಾಗದ ಸಾಲದು ಅತ್ತೆ! ಇಷ್ಟು ಖುಷಿಯ ನಡುವೆಯೂ ನಿಮ್ಮ, ಅಪ್ಪನ ವ್ಯಾಜ್ಯದಿಂದ ನನಗೆ ದಣಿವು. ಮದುವೆಯಲ್ಲಿ ನಾವಿಬ್ಬರೂ ಕೂರಲು ಸೋದರತ್ತೆ ನೀವು ಹಾಸಬೇಕಾದ ಕಂಬಳಿಯನ್ನು ಬೇರೆ ಯಾರೋ ಹಾಸಿದರು. ಅಪ್ಪ ಬಾಗಿಲ ಕಡೆ ನೋಡುತ್ತಲೇ ಇದ್ದರು.

ತಾತನ ಹೊಲದಲ್ಲಿ ನಿಮಗೂ ಪಾಲು ಬೇಕೆಂದು ನೀವು ಹಿರಿಯೂರಿನ ಕೋರ್ಟಿಗೆ ಹೋದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಅಂದಿನಿಂದ ನಮ್ಮ ಮನೆಯಲ್ಲಿ ಹಬ್ಬಗಳಿಗಿಂತ ವಾಯಿದೆಗಳೇ ಹೆಚ್ಚು ನೆನಪಿರುತ್ತವೆ. ಅಪ್ಪನದು ಒಂದೇ ಮಾತು: ‘ಮದುವೇಲಿ ಕುರಿ ಕೊಟ್ಟಾತು, ಅವಳ ಪಾಲು ಮುಗೀತು.’ ಈಗ ಅವರ ವಕೀಲರು ನನ್ನಿಂದಲೂ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಕೈಯ ಅರಿಸಿನ ಇನ್ನೂ ಹೋಗಿಲ್ಲ, ಆಗಲೇ ನಾನೂ ನೀವಾಗಿಬಿಟ್ಟೆ.

ಹೋದ ವಾರ ನನ್ನ ಬಳುವಳಿ ಕುರಿ ತೋರಿಸಲು ಅಪ್ಪ ತವರಿಗೆ, ಹರಿಯಬ್ಬೆಗೆ ಕರೆಸಿದರು. ಮುಳ್ಳುಬೇಲಿಯ ರೊಪ್ಪದೊಳಗೆ ನಮ್ಮ ಕುರಿಗಳಿಗೆಲ್ಲ ಬಲಗಿವಿಯ ತುದಿ ಕತ್ತರಿಸಿದ ಗುರುತು. ಕೆಲವಕ್ಕೆ ಮಾತ್ರ ಎಡಗಿವಿ ಸೀಳಿತ್ತು. ಆಗಷ್ಟೇ ಹುಟ್ಟಿದ ಒಂದು ಮರಿಯ ಎಡಗಿವಿಯಲ್ಲೂ ಹಸಿ ಗಾಯ. ಇವು ಯಾರವು ಎಂದರೆ ಕುರಿ ಕಾಯುವ ಗೊಲ್ಲಪ್ಪ ನಕ್ಕುಬಿಟ್ಟ. ‘ನಿಮ್ಮತ್ತೆಯವು ಕಣವ್ವ. ಗಂಡನ ಮನ್ಯಾಗೆ ಕಾಯೋರಿಲ್ಲ ಅಂತ ಬಿಟ್ಟು ಹೋದ್ಲಲ್ಲ, ಆ ಕುರಿಯ ಮರಿಮಕ್ಳು. ಒಂದನ್ನೂ ಸಂತೆಗೆ ಬಿಡಲ್ಲ ನಿಮ್ಮಪ್ಪ.’

ಕೊಟ್ಟಾಯಿತು ಎನ್ನುವ ಕುರಿ ನಮ್ಮಲ್ಲೇ ಇವೆಯಲ್ಲ ಎಂದು ಅಪ್ಪನನ್ನು ಕೇಳಿದೆ. ಮುಖ ತಿರುಗಿಸಿಕೊಂಡು, ‘ಕೋರ್ಟು ಬ್ಯಾರೆ, ಕುರಿ ಬ್ಯಾರೆ’ ಅಂದರು. ಹಾಗಾದರೆ ನಾನು ಸಹಿ ಹಾಕಲ್ಲ, ನಾಳೆ ನನ್ನ ಮೇಲೂ ವಕೀಲರನ್ನಿಡಿ ಅಂದೆ. ಬೈಯಲಿಲ್ಲ. ಅವರೂ ದಣಿದಿದ್ದಾರೆ ಅತ್ತೆ. ವಾಯಿದೆ ಮುಗಿಸಿ ಬಂದ ದಿನ ಚಪ್ಪಲಿಯನ್ನೂ ಬಿಚ್ಚದೆ ಜಗಲಿಯ ಮೇಲೆ ಒರಗಿಬಿಡುತ್ತಾರೆ.

ಆಮೇಲೆ ಅಪ್ಪ ಚಾಕು ಹಿಡಿದು, ನನ್ನ ಕುರಿಗೆ ಯಾವ ಗುರುತು ಹಾಕಲಿ ಎಂದು ಕೇಳಿದರು. ಅತ್ತೆಯದೇ ಹಾಕಿ ಅಂದೆ.

‘ಆಮೇಲೆ ನಿಂದ್ಯಾವ್ದು ಅವಳ್ದ್ಯಾವ್ದು ಗೊತ್ತಾಗಲ್ಲ ಕಣೇ.’

ಗೊತ್ತಾಗುವುದು ಬೇಡ ಅಂದೆ. ಕುರಿಯ ಬಲಗಿವಿ ಹಿಡಿದರು, ಬಿಟ್ಟರು. ಕೊನೆಗೆ ಎಡಗಿವಿ ಸೀಳಿ, ಗಾಯಕ್ಕೆ ಅರಿಸಿನ ಒತ್ತಿ, ನನ್ನ ಕಡೆ ನೋಡದೆ ಹೇಳಿದರು: ‘ಬಂದು ಅವಳ ಕುರಿ ವಿಂಗಡಿಸ್ಕಂಡು ಹೋಗಾಕೆ ಹೇಳು. ಹೊಲದ ಮಾತೂ ಆಡಾಣ.’

ಇಷ್ಟು ವರ್ಷಗಳ ಮೇಲೆ ಇದೇನು ದೊಡ್ಡ ಮಾತು ಎಂದು ನಿಮಗೆ ಅನ್ನಿಸಬಹುದು. ಆದರೂ ಮುಂದಿನ ವಾಯಿದೆಗೆ ಮೊದಲೇ ಬನ್ನಿ. ಬರುವಾಗ ಕಂಬಳಿ ತನ್ನಿ ಅತ್ತೆ. ನೀವು ಹಾಸಿದ ಮೇಲೆ ನಾನೂ ಯೋಗೇಶನೂ ಇನ್ನೊಮ್ಮೆ ಕೂರುತ್ತೇವೆ.

ನಿಮ್ಮ ಮಂಡಿ ನೋವು ಇಳಿಯಲಿ, ನಿಮ್ಮ ಮಂದೆ ಬೆಳೆಯಲಿ.

ನಿಮ್ಮದೇ ಗುರುತಿನವಳು,
ದೇವಿಕಾ