ತಾರಸಿಗೆ ಬೆಲ್ಲದ ನೀರು

ಹಲಸೂರು, ದಂಡು ಬೆಂಗಳೂರು
೧೯ನೇ ಮೇ ೧೯೪೬, ಭಾನುವಾರ

ಪ್ರೀತಿಯ ಮಗ ಮುನಿಶಾಮಿಗೆ,

ಜಬಲ್ಪುರದ ಬಿಸಿಲು ಹೇಗಿದೆ? ಬರ್ಮಾದಿಂದ ಹೊತ್ತು ತಂದ ಆ ಹಾಳು ಮಲೇರಿಯಾ ಮತ್ತೆ ಬಂದಿಲ್ಲ ತಾನೆ? ಕ್ವಿನೈನು ಕಹಿಯೆಂದು ಉಗಿಯಬೇಡ, ಚಿಕ್ಕವನಿದ್ದಾಗ ಉಗಿದು ನನ್ನ ಅಂಗಿ ಹಾಳುಮಾಡಿದ್ದು ಸಾಕು. ಇಲ್ಲಿ ನಿನ್ನ ಅಮ್ಮ ಸೌಖ್ಯ. ನನ್ನ ಮಂಡಿನೋವು ಮೆಟ್ಟಿಲು ಹತ್ತಿದಾಗ ಮಾತ್ರ ನೆನಪಾಗುತ್ತದೆ, ಮತ್ತು ಈ ತಿಂಗಳು ನಾನು ಹತ್ತಿದಷ್ಟು ಮೆಟ್ಟಿಲು ಹಲಸೂರಿನಲ್ಲಿ ಯಾರೂ ಹತ್ತಿರಲಾರರು. ಯಾಕೆಂದು ಹೇಳುತ್ತೇನೆ.

ನೀನು ಅಮ್ಮನ ಹೆಸರಿಗೆ ಬರೆದರೂ ಓದಿ ಹೇಳುವವನು ನಾನೇ ಎಂಬುದು ನಿನಗೆ ಗೊತ್ತು. ಪಲ್ಟನ್ನಿನಿಂದ ಬಿಡುಗಡೆಯಾದ ಮೇಲೆ ಊರಿಗೆ ಬರುವುದಿಲ್ಲ, ಅಲ್ಲೇ ಒಂದು ವರ್ಕ್‌ಶಾಪಿನಲ್ಲಿ ನಿಲ್ಲುತ್ತೇನೆ ಎಂದು ಬರೆದಿದ್ದೀಯ. ಆ ಸಾಲು ಬಂದಾಗ ಕನ್ನಡಕ ಮಸುಕಾಗಿದೆ ಎಂದು ನೆಪ ಹೇಳಿ ಇನ್ನೊಂದು ಸಲ ಓದಿದೆ. ಎರಡನೆಯ ಸಲವೂ ಅದೇ ಇತ್ತು. ನಿನ್ನ ಅಮ್ಮ ಆ ದಿನ ಒಲೆ ಹಚ್ಚಲಿಲ್ಲ. ನೀನು ಯಾಕೆ ಬರುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತು. ಮೂರು ವರ್ಷದ ಹಿಂದೆ ರಜದಲ್ಲಿ ಬಂದ ನಿನ್ನನ್ನು, ನಿನ್ನ ತಂಗಿ ಗೋವಿಂದಮ್ಮನ ಗಂಡನ ಎದುರಿಗೇ, ಪಲ್ಟನ್ನು ಸೇರುವ ಮೊದಲು ನೀನೇ ಹಾಕಿದ್ದ, ಈಗ ಸೋರುವ ತಾರಸಿಯ ಕೆಳಗೆ ನಿಲ್ಲಿಸಿ, "ನೀನು ಹಾಕಿದ್ದು ತಾರಸಿ ಅಲ್ಲ ಕಣೋ, ಜರಡಿ" ಎಂದೆ. ಮಾರನೆಯ ದಿನವೇ ನೀನು ಟ್ರಂಕು ಹೊತ್ತು ಹೊರಟೆ. ಹೊಸಿಲ ಬಳಿ ನೀನು ಒಂದು ಗಳಿಗೆ ನಿಂತದ್ದನ್ನು ನೋಡಿಯೂ ನಾನು ತಲೆ ಎತ್ತಲಿಲ್ಲ.

ಇರಲಿ. ಈ ಬೇಸಿಗೆಯಲ್ಲಿ ಏನಾದರಾಗಲಿ ಎಂದು ಬ್ಲಾಕ್‌ಪಳ್ಳಿಯ ಗಾರೆ ಮೇಸ್ತ್ರಿ ಚಾಂದ್ ಪಾಷಾನನ್ನು ಕರೆಸಿದೆ. ಎಪ್ಪತ್ತರ ಮುದುಕ, ಗಡ್ಡದ ತುಂಬ ಸುಣ್ಣ. ನಿನ್ನ ಕಾಂಕ್ರೀಟನ್ನು ಒಡೆದು ಹಳೆಯ ಕಾಲದ ಗಾರೆ ತಾರಸಿ ಹಾಕಬೇಕೆಂದು ನನ್ನ ಯೋಚನೆ. ಅವನು ಇಡೀ ತಾರಸಿಯನ್ನು ತಂತಿಯ ಬ್ರಷ್ಷಿನಿಂದ ತಿಕ್ಕಿಸಿ, ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು, ಕಿವಿಗೊಟ್ಟು ಕೇಳಿ, "ಅರೇ ಪಿಳ್ಳಪ್ಪಣ್ಣ, ಇದನ್ನ ಯಾಕ್ ಒಡೀತೀರಾ? ಪಕ್ಕಾ ಕೆಲ್ಸ ಐತೆ. ಯಾರ್ ಹಾಕಿದ್ದು?" ಎಂದ. ನನ್ನ ಮಗ ಎಂದೆ. ಹೇಳುವಾಗ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಮತ್ತೆ ಸೋರುವ ಜಾಗಗಳಲ್ಲಿ ಕೂತು ಬೆರಳಿನಿಂದ ಕೆರೆದು ನೋಡಿದ. ಆಮೇಲೆ ನನ್ನ ಮುಖ ನೋಡಿದ. ನಾನು ಎಲೆಅಡಿಕೆ ತರಲು ಕೆಳಗಿಳಿದೆ.

ಒಡೆಯಲಿಲ್ಲ. ಆ ಜಾಗಗಳನ್ನು ಮುಚ್ಚಿ ನಿನ್ನ ಕಾಂಕ್ರೀಟಿನ ಮೇಲೆಯೇ ಗಾರೆ ಹೊದಿಸಿದೆವು. ಸುಣ್ಣವನ್ನು ಹದಿನೈದು ದಿನ ಗುಂಡಿಯಲ್ಲಿ ಕೊಳೆಹಾಕಿ, ಇಟ್ಟಿಗೆ ಪುಡಿ ಬೆರೆಸಿ, ಅಳಲೆಕಾಯಿ ನೆನೆಸಿದ ನೀರಿಗೆ ಬೆಲ್ಲ ಕರಗಿಸಿ ಕಲಸಿದರು. ಬೆಲ್ಲಕ್ಕೆ ರೇಷನ್ನಿನ ಕಾಲ. "ಮನುಷ್ಯರ ಕಾಫಿಗೆ ಇಲ್ಲ, ತಾರಸಿಗೆ ಪಾಯಸ ಮಾಡ್ತಾ ಇದೀರಲ್ಲ" ಎಂದು ನಿನ್ನ ಅಮ್ಮ ರೇಗಿದಳು. ಬೆಲ್ಲದ ಅಚ್ಚುಗಳನ್ನು ಅಡಗಿಸಿಟ್ಟಿದ್ದವಳೂ ಅವಳೇ, ಕೊನೆಗೆ ತಂದು ಕೊಟ್ಟವಳೂ ಅವಳೇ. ಇರುವೆಗಳಿಗಂತೂ ಜಾತ್ರೆ. ದೊಡ್ಡಮುನಿಯಮ್ಮ ಎಂಬ ಗಟ್ಟಿಗಿತ್ತಿ ಆರು ಹೆಂಗಸರನ್ನು ಸಾಲಾಗಿ ಕೂರಿಸಿ, ಮರದ ಕೊಡತಿ ಹಿಡಿಸಿ, ಆರು ದಿನ ಬಡಿಸಿದಳು. ನಾನು ನೆರಳಲ್ಲಿ ನಿಂತು ಮೇಸ್ತ್ರಿಕೆ ಮಾಡುತ್ತಿದ್ದರೆ "ಯಜಮಾನ್ರೇ, ಬಾಯಲ್ಲ, ಕೈ ಆಡ್ಸಿ" ಎಂದು ನನ್ನ ಕೈಗೂ ಒಂದು ಕೊಡತಿ ಕೊಟ್ಟಳು. ಬಡಿದೆ. ಸುಖವಾಗಿತ್ತು. ಹೊಡೆತಕ್ಕೆ ಗುರುತು ಬೀಳದೆ ಕೊಡತಿ ಪುಟಿಯುವವರೆಗೂ ಬಡಿದು, ಗೋಡೆಯ ಅಂಚಿನಲ್ಲಿ ಗಾರೆಯನ್ನು ಮೇಲಕ್ಕೆ ಏರಿಸಿ, ಹೊರಕೊಳವೆಯ ಕಡೆಗೆ ಇಳಿಜಾರು ಕೊಟ್ಟು, ಒದ್ದೆ ಹುಲ್ಲು ಹಾಸಿ ಎರಡು ವಾರ ಆರದಂತೆ ಕಾಪಾಡಿದೆವು.

ಬುಧವಾರ ಕೊಳವೆಗಳಿಗೆ ಬಟ್ಟೆ ತುರುಕಿ, ನಾಲ್ಕು ಬೆರಳು ನೀರು ನಿಲ್ಲಿಸಿ ಎರಡು ದಿನ ಬಿಟ್ಟೆವು. ಕೆಳಗೆ ನಿನ್ನ ಅಮ್ಮ ಅಭ್ಯಾಸಬಲದಿಂದ ತಪ್ಪಲೆಗಳನ್ನು ಇಟ್ಟುಕೊಂಡು ಕೂತಿದ್ದಳು. ಒಂದು ಹನಿ ಇಲ್ಲ. ನಿನ್ನೆ ಮಧ್ಯಾಹ್ನ ಹಲಸೂರು ಕೆರೆಯ ಕಡೆಯಿಂದ ಮಳೆ ಎದ್ದು ಬಂದು ಒಂದು ಗಂಟೆ ಹೊಯ್ದಿತು. ನಾವಿಬ್ಬರೂ ನಡುಮನೆಯಲ್ಲಿ ತಲೆ ಎತ್ತಿಕೊಂಡು ಕೂತಿದ್ದೆವು, ಕತ್ತು ನೋಯುವವರೆಗೆ. ಆಮೇಲೆ ಅವಳು ತಪ್ಪಲೆಗಳನ್ನು ಒಂದೊಂದಾಗಿ ಅಡಿಗೆಮನೆಗೆ ಒಯ್ದಳು. ಮನಸ್ಸಿಗೆ ತುಂಬ ಸಂತೋಷವಾಗಿದೆ ಮಗ. ನೀನು ಮಲಗುತ್ತಿದ್ದ ಮೂಲೆಯ ಗೋಡೆಗೂ ಸುಣ್ಣ ಹೊಡೆಸಿದ್ದೇನೆ.

ಗೋವಿಂದಮ್ಮ ಲಿಂಗರಾಜಪುರದಿಂದ ಬಂದಿದ್ದಾಳೆ, ಅಣ್ಣನಿಗೆ ನಮಸ್ಕಾರ ತಿಳಿಸಿದ್ದಾಳೆ. ಅಮ್ಮನ ಆಶೀರ್ವಾದ ಸದಾ ನಿನ್ನ ಮೇಲಿದೆ. ನನ್ನದೂ ಇದೆ, ನೀನು ಬೇಡವೆಂದರೂ.

ನಿನ್ನ ತಂದೆ,
ಪಿಳ್ಳಪ್ಪ

ಮ. ವಿ.: ಲಕೋಟೆ ಅಂಟಿಸಿದ್ದವನು ಮತ್ತೆ ಬಿಚ್ಚಿದ್ದೇನೆ. ಸೋರುತ್ತಿದ್ದದ್ದು ನಾಲ್ಕೇ ಕಡೆ, ನಾಲ್ಕು ಮೂಲೆಯಲ್ಲಿ. ನಿನಗೆ ರಜ ಸಿಗದ ವರ್ಷ, ಗೋವಿಂದಮ್ಮನ ಮದುವೆಗೆ ತಾರಸಿಯ ಮೇಲೆ ಚಪ್ಪರ ಹಾಕಿದೆವಲ್ಲ, ಕಂಬಗಳನ್ನು ಮರಳು ತುಂಬಿದ ಡಬ್ಬಿಗಳಲ್ಲಿ ನಿಲ್ಲಿಸೋಣ ಎಂದು ಎಲ್ಲರೂ ಹೇಳಿದರು. ನೆಡದ ಕಂಬ ಮದುವೆಗೆ ಆಗದು ಎಂದು ಹಟ ಹಿಡಿದು, ಒಳಗಿನ ಕಬ್ಬಿಣ ಕಾಣುವಷ್ಟು ಆಳಕ್ಕೆ ಕೊರೆಸಿದವನು ನಾನು. ಹಳೆಯ ತಾರಸಿಗೆ ಮಾಡುವಂತೆ ಒಂದೊಂದು ಹಿಡಿ ಗಾರೆ ತುರುಕಿ ಸುಮ್ಮನಾದೆ. ನಿನ್ನನ್ನು ಬೈಯುವಾಗಲೂ ಅದು ನನಗೆ ನೆನಪಿತ್ತು. ಅಳಿಯನ ಎದುರಿಗೆ ನಿನ್ನನ್ನು ಬೈದಿದ್ದೆ, ಇವತ್ತು ಬೆಳಿಗ್ಗೆ ಅವನನ್ನು ಕರೆಸಿ ಅವನ ಎದುರಿಗೇ ಎಲ್ಲ ಹೇಳಿದೆ. ನಿನ್ನ ಅಮ್ಮ ಆಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ನೀನು ಬಂದು ಹೇಳುವವರೆಗೂ ಆಡುವುದಿಲ್ಲವಂತೆ. ತಪ್ಪು ನನ್ನದು ಮುನಿಶಾಮಿ. ಬಾ.